ಹದಿನೇಳನೇ ನಂಬರಿನ ಅಡುಗೆ ಕಟ್ಟೆ

ತಾಯಿ ಮತ್ತು ಹೆಂಡತಿ ಒಂದೇ ಪಾರ್ಟಿ ಸೇರಿದರೆ ಮನೆಯ ಗಂಡಸಿಗೆ ಠೇವಣಿಯೂ ದಕ್ಕುವುದಿಲ್ಲ. ಇದು ಲಗಮಣ್ಣನ ಹನ್ನೆರಡು ವರ್ಷಗಳ ಅಳಲು. ಹೀಗಾಗಿ ತಾಯಿ ಕೆಂಪವ್ವ ಮಗಳ ಮನೆಗೆಂದು ಚಿಮ್ಮಡಕ್ಕೆ ಹೋದ ವಾರವೇ ಪುರಸಭೆಯ ಜವಾನ ಭೀಮಶಿ ಈ ಸುದ್ದಿ ತಂದಾಗ, ಇದು ದೈವಸಂಕಲ್ಪವೇ ಎಂದು ಅವನಿಗೆ ಖಾತ್ರಿಯಾಯಿತು.

"ಲಗಮಣ್ಣಾರ, ನಮ್ಮ ಕಾಲನಿ ಹಳೇ ಮನಿ ನೋಡಾಕ ಕಾಲೇಜಿನವ್ರು ಬರಾಕತ್ತಾರ. ಒಂದು ಮನಿ ಆರಿಸಿ ಬೋರ್ಡ್ ಹಾಕ್ತಾರಂತ!"

ಬನಹಟ್ಟಿಯ ಆ ನೇಕಾರ ಕಾಲನಿಯ ನಲವತ್ತು ಮನೆಗಳನ್ನು ಅರವತ್ತು ವರ್ಷದ ಹಿಂದೆ ಪುರಸಭೆ ಒಂದೇ ಅಚ್ಚಿನಲ್ಲಿ ಕಟ್ಟಿಸಿತ್ತು. ಮುಂದಿನ ಕೋಣೆಯಲ್ಲಿ ನೇಯುವವರು ಕಾಲು ಇಳಿಬಿಟ್ಟು ಕೂರಲು ಮಗ್ಗದ ಕುಣಿ, ಅದರ ನೆತ್ತಿಗೆ ಬೆಳಕಿಂಡಿ, ಹಿಂದೆ ಕೂತು ಬೇಯಿಸುವ ಅಡುಗೆಮನೆ. ಈಗ ಅದೆಲ್ಲ ಎಲ್ಲಿದೆ? ಎದುರುಮನೆಯ ನಾಮದೇವ ಗೋಡೆಗೆ ಗುಲಾಬಿ ಬಣ್ಣ ಬಳಿದು, ಗೇಟಿನ ಮೇಲೆ ಸಿಮೆಂಟಿನ ಎರಡು ಸಿಂಹ ಕೂರಿಸಿದ್ದ. (ಎರಡಕ್ಕೂ ಅವನ ಹೆಂಡತಿಯ ಅಣ್ಣನ ಮುಖ.) ಅವನ ಕಣ್ಣೆದುರೇ ಬೋರ್ಡು ತನ್ನ ಗೋಡೆಗೆ ಬರಬೇಕು! ಮನೆಯನ್ನು ಮೂಲಸ್ವರೂಪಕ್ಕೆ ತರುವುದೊಂದೇ ದಾರಿ ಎಂದು ಲಗಮಣ್ಣ ಜೀರ್ಣೋದ್ಧಾರಕ್ಕೆ ಕಂಕಣ ಕಟ್ಟಿದ.

ಮೊದಲ ದಿನ ನೆಲದ ಟೈಲ್ಸ್ ಎದ್ದವು. ಎರಡನೆಯ ದಿನ ಮುಚ್ಚಿದ್ದ ಕುಣಿ ಬಾಯಿ ತೆರೆಯಿತು. ಆಮೇಲೆ ಮಹಾಶಯ ಹಾರೆ ಹಿಡಿದು ಅಡುಗೆಮನೆಗೆ ನುಗ್ಗಿದ.

"ರೀ, ಅದನ್ನ ಮುಟ್ಟಬ್ಯಾಡ್ರಿ!" ಹೆಂಡತಿ ರಾಧಿಕಾ ಅಡ್ಡ ನಿಂತಳು. "ಅತ್ತಿ ಹಟಾ ಹಿಡದು ಕಟ್ಟಿಸಿದ ಕಟ್ಟಿ ಅದು. ಅದು ಐತಿ ಅಂತ ನಾ ನಿಂತು ಅಡಗಿ ಮಾಡಾಕತ್ತೇನಿ."

"ಮೂಲದಾಗ ಈ ಕಟ್ಟಿ ಇತ್ತೇನ?"

"ಮೂಲದಾಗ ನೀವೂ ಇರಲಿಲ್ಲ. ನಿಮ್ಮನ್ನೂ ಒಡೀಲೇನು?"

ಕಲ್ಲಿನ ಕಟ್ಟೆ ಸಂಜೆಯೊಳಗೆ ನೆಲಸಮವಾಯಿತು. ಆ ಜಾಗದಲ್ಲಿ ಲಗಮಣ್ಣ ಸ್ವಹಸ್ತದಿಂದ ಮಣ್ಣಿನ ಒಲೆ ಹೂಡಿದ. ಮುಂದೆ ಎರಡು ದಿನ ಅವನ ತಾಟಿಗೆ ಬಂದ ರೊಟ್ಟಿ ಒಂದು ಮಗ್ಗಲು ಹಸಿ, ಒಂದು ಮಗ್ಗಲು ಕರಿ. ರಾಧಿಕಾ ಮಾತು ಬಿಟ್ಟಿದ್ದಳು.

ಮೂರನೆಯ ದಿನ ಬಾಗಿಲಿಗೆ ಆಟೋ ಬಂತು. ಕಾಲೇಜಿನ ಹರಿಪ್ರಿಯಾ ಮೇಡಂ ಇಳಿದರು. ಅವರ ಹಿಂದೆಯೇ, ಅಯ್ಯೋ ಶಿವನೇ, ಕೆಂಪವ್ವ! ಮೇಡಂ ಚಿಮ್ಮಡಕ್ಕೇ ಹೋಗಿ ಅವಳನ್ನು ಕರೆತಂದಿದ್ದರು.

"ನೋಡ್ರಿ ಮೇಡಂ, ಹೊಸಾದು ಒಂದು ಮೊಳೀನೂ ಇಲ್ಲ!" ಲಗಮಣ್ಣ ಎದೆಯುಬ್ಬಿಸಿದ.

ಮೇಡಂ ಸುತ್ತ ನೋಡಿ ಕಂಗಾಲಾದರು. "ಅರವತ್ತು ವರ್ಷ ಈ ಮನ್ಯಾಗ ಯಾರೂ ಬಾಳ್ವೇನೇ ಮಾಡಿಲ್ಲೇನ್ರಿ? ಮೊದಲಿನ ನಕಾಶಿ ನಮ್ಮ ಕಡೆ ಐತಿ. ಜನ ಏನೇನು ಬದಲು ಮಾಡ್ಕೊಂಡಾರ, ಅದನ್ನ ನೋಡಾಕ ಬಂದೇವಿ ನಾವು." ಅವರು ಫೈಲಿನಿಂದ ಪುರಸಭೆಯ ಹಳದಿಗಟ್ಟಿದ ನೋಟಿಸೊಂದನ್ನು ತೆಗೆದರು. "ಮುಖ್ಯ ಅಂದ್ರ ಇದು. ಮನಿ ನಂಬರ್ ಹದಿನೇಳು, ಪರವಾನಗಿ ಇಲ್ಲದ ಅಡುಗೆ ಕಟ್ಟಿ. ಇಡೀ ಕಾಲನ್ಯಾಗ ಮೊದಲನೇದು."

ಕೆಂಪವ್ವನ ಮುಖ ಅರಳಿತು. "ಅದು ನಂದೇ, ತಂಗಿ! ಒಡೀಯಾಕ ಬಂದಾಗ ಅದರ ಮ್ಯಾಲೇ ಹತ್ತಿ ಕುಂತಿದ್ದೆ. ಒಬ್ಬ ಗಂಡಸೂ ಕೈಯಾಗಿನ ಹಾರಿ ಎತ್ತಲಿಲ್ಲ. ಬಾ, ತೋರಸ್ತೇನಿ."

ಲಗಮಣ್ಣ ಮೆಲ್ಲಗೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಸರಿದ. ಸೊಂಟದವರೆಗೆ ಕುಣಿಯೊಳಗೆ ಇಳಿದುಹೋದ.

ಕೆಂಪವ್ವ ಅಡುಗೆಮನೆ ಹೊಕ್ಕಳು. ಆಮೇಲೆ ಹೆಂಚು ಹಾರುವಂಥ ಕೂಗು. "ಲೇ ಲಗಮ್ಯಾ! ಎಲ್ಲಿದ್ದೀ?"

ಎರಡು ದಿನ ಮಾತು ಬಿಟ್ಟಿದ್ದ ರಾಧಿಕಾ ಈಗ ಬಾಯಿ ಬಿಟ್ಟಳು. "ಕುಣ್ಯಾಗ ಅದಾರ್ರೀ, ಅತ್ತಿ."

ಕಟ್ಟೆ ಮತ್ತೆ ಎದ್ದು ನಿಲ್ಲುವ ತನಕ ಈ ಹೊಸಿಲು ತುಳಿಯುವುದಿಲ್ಲ ಎಂದು ಅತ್ತೆ ಸೊಸೆ ಅದೇ ಆಟೋದಲ್ಲಿ ಚಿಮ್ಮಡಕ್ಕೆ ಹೋದರು. ಮೇಡಂ ನಾಮದೇವನ ಸಿಂಹಗಳ ಫೋಟೋವನ್ನು ನಾಲ್ಕೂ ದಿಕ್ಕಿನಿಂದ ತೆಗೆದುಕೊಂಡರು.

ಬೋರ್ಡು ಮಾತ್ರ ಹದಿನೇಳನೇ ನಂಬರಿಗೇ ಬಂತು, ಅದೂ ಅಡುಗೆಮನೆಯ ಗೋಡೆಗೆ: 'ಕಾಲನಿಯ ಮೊದಲ ಅಡುಗೆ ಕಟ್ಟೆ ಇಲ್ಲಿತ್ತು.' ಅದರ ಕೆಳಗೆ ಲಗಮಣ್ಣ ಕುಕ್ಕರಗಾಲಿನಲ್ಲಿ ಕೂತು, ಕಣ್ಣೀರು ಒರೆಸಿಕೊಳ್ಳುತ್ತ ಒಲೆ ಊದುತ್ತಾನೆ. ನಾಮದೇವ ಬಂದ ಬೀಗರನ್ನೆಲ್ಲ ಕರೆತಂದು ತೋರಿಸುತ್ತಾನೆ.

"ನೋಡ್ರಿ, ಇದು ಬೋರ್ಡು. ಕಟ್ಟಿ ಒಡದಾಂವ ಇಂವಾ."