ಕೊನೆಯ ಎಲೆಗೆ ಕೂತ ಚೌರಪ್ಪ

"ಲೂರ್ದಮ್ಮಾ, ಕೇಳಿಸ್ಕೋ! ಇನ್ನು ಮೇಲೆ ಈ ಮನೇಲಿ ಭಾನುವಾರ ಚರ್ಚಲ್ಲಿ ಓದೋ ಶುಭಸಂದೇಶ ಭಾನುವಾರಕ್ಕೇ ಮುಗಿಯೋದಿಲ್ಲ. ವಾರ ಪೂರ್ತಿ ಅದನ್ನ ಬದುಕಿ ತೋರಿಸ್ತೀನಿ!"

ಶಿಕಾರಿಪುರದ ತನ್ನ ಮನೆಯ ಪಡಸಾಲೆಯಲ್ಲಿ ನಿಂತು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಂದು ಕೈಯನ್ನು ಸ್ವರ್ಗದ ಕಡೆ ಎತ್ತಿ ಚೌರಪ್ಪ ಹೀಗೆ ಘೋಷಿಸಿದಾಗ ಅವನ ಹೆಂಡತಿ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕಾಫಿ ಚೆಲ್ತಾ ಇದೆ," ಅಂದಳು.

ಚೌರಪ್ಪ ಬೋರ್ಡು ಬರೆಯುವವನು. ಅಂಗಡಿ ಹೆಸರು, ಶಾಲೆ ಗೋಡೆಯ ಮೇಲಿನ ಚಿತ್ರ, ಎಲ್ಲದರಲ್ಲೂ ಕೈ ಪಳಗಿದೆ. ಮನಸ್ಸು ಮಾತ್ರ ಕೈಯ ಜೊತೆ ಇರುವುದಿಲ್ಲ. ಕನಸು ಕಾಣುತ್ತಾ ಕರ್ನಾಟಕದ ನಕ್ಷೆ ಬರೆದು ಬೀದರನ್ನು ಸಮುದ್ರಕ್ಕೆ ಹಾಕಿದ ಮಹಾನುಭಾವ! ಅಂಥವನು ದೇವರ ವಾಕ್ಯವನ್ನು ಬದುಕಲು ಹೊರಟರೆ ಮನೆಯವರ ಗತಿ?

ಮೊದಲ ವಾರ 'ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಬನ್ನಿ' ಎಂಬ ವಾಚನ. ಅವತ್ತಿನಿಂದ ಚೌರಪ್ಪ ಮುಂಬಾಗಿಲು ಬಿಟ್ಟ. ಹಿತ್ತಲಿನ ಸಂದುಬಾಗಿಲಿನಿಂದಲೇ ಓಡಾಟ, ಅದೂ ಹೆಗಲ ಮೇಲೆ ಏಣಿ, ಕೈಯಲ್ಲಿ ಬಣ್ಣದ ಡಬ್ಬಿ ಸಮೇತ! ಗುರುವಾರ ಏಣಿ ಸಿಕ್ಕಿಕೊಂಡಿತು, ಡಬ್ಬಿ ಕೈ ಜಾರಿತು, ಒಳಗೆ ಉಬ್ಬಲು ಇಟ್ಟಿದ್ದ ದೋಸೆ ಹಿಟ್ಟು ಹಸಿರಾಯಿತು.

"ಸ್ವರ್ಗಕ್ಕೆ ಹೋಗೋ ದಾರಿ ನನ್ನ ಅಡಿಗೆಮನೆ ಮೇಲೇ ಹಾಯ್ಬೇಕಾ ರೀ?" ಅಂತ ಲೂರ್ದಮ್ಮ ಕೇಳಿದಳು.

ಮುಂದಿನ ಭಾನುವಾರ ಫಾದರ್ ಓದಿದರು: ಊಟಕ್ಕೆ ಕರೆದರೆ ಮೇಲಿನ ಜಾಗ ಹುಡುಕಬೇಡ, ಕೊನೆಯಲ್ಲಿ ಹೋಗಿ ಕೂತುಕೋ. ಆಗ ಮನೆಯವನೇ ಬಂದು 'ಗೆಳೆಯಾ, ಮೇಲಕ್ಕೆ ಬಾ' ಅಂತಾನೆ, ಎಲ್ಲರ ಮುಂದೆ ನಿನಗೆ ಗೌರವ ಸಿಗುತ್ತೆ.

ಚೌರಪ್ಪನಿಗೆ ರೋಮಾಂಚನವಾಯಿತು. ಅವತ್ತೇ ಮಧ್ಯಾಹ್ನ ಸೊರಬದಲ್ಲಿ ಊಟವಿತ್ತು!

ಕರೆದಿದ್ದವನು ಪಂಚಾಕ್ಷರಪ್ಪ, ಅಡಿಕೆ ವ್ಯಾಪಾರಸ್ಥ, ಚೌರಪ್ಪನ ಬಾಲ್ಯದ ಗೆಳೆಯ. ಮೊಮ್ಮಗಳ ನಾಮಕರಣ. ಇದು ಬರೀ ಊಟದ ಕರೆಯಲ್ಲ. ಕೆಲವು ವರ್ಷದ ಹಿಂದೆ ಪಂಚಾಕ್ಷರಪ್ಪನ ತಾಯಿ ತೀರಿಕೊಂಡಾಗ ಚೌರಪ್ಪ ಅಳುತ್ತಲೇ ಬಸ್ಸು ಹತ್ತಿದ್ದ. ಅತ್ತು ಅತ್ತು ನಿದ್ದೆ ಹೋಗಿ, ಸೊರಬ ದಾಟಿ, ಸಿದ್ದಾಪುರದಲ್ಲಿ ಕಣ್ಣು ಬಿಟ್ಟ. ತಿರುಗಿ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ತನ್ನ ತಾಯಿಯ ಕೈತುತ್ತು ಉಂಡು ಬೆಳೆದವನು ಕೊನೆಗೆ ಮುಖ ನೋಡಲಿಲ್ಲವಲ್ಲ ಎಂದು ಪಂಚಾಕ್ಷರಪ್ಪ ಮಾತು ಬಿಟ್ಟಿದ್ದ. ಈಗ ಅವನೇ ಫೋನು ಮಾಡಿದ್ದ. "ಬಾರೋ," ಅಂದಿದ್ದ. ಅಷ್ಟೇ.

ಬಸ್ಸಿನಲ್ಲಿ ಲೂರ್ದಮ್ಮ ಗಂಡನ ಅಂಗಿಯ ತೋಳು ಹಿಡಿದೇ ಕೂತಳು. ಅವನು ಕಿಟಕಿಗೆ ತಲೆ ಒರಗಿಸಿದ. ಹೊರಗೆ ಮೆಕ್ಕೆಜೋಳದ ಹೊಲ ಮುಗಿದು ಗದ್ದೆ ಬಂತು; ಎಳೆ ಬಿಸಿಲಲ್ಲಿ ನಾಟಿಯ ಹಸಿರು ನೀರಿನ ಮೇಲೆ ತೇಲುವಂತೆ ಕಾಣುತ್ತಿತ್ತು. ಆ ಹಸಿರಿನ ಮೇಲೆ ಚೌರಪ್ಪನಿಗೆ ಪಂಚಾಕ್ಷರಪ್ಪ ನಡೆದು ಬರುವುದು ಕಂಡಿತು. ಎರಡೂ ಕೈ ಚಾಚಿದ್ದಾನೆ. ಪಂಕ್ತಿಯೆಲ್ಲ ಎದ್ದು ನಿಂತಿದೆ. 'ಗೆಳೆಯಾ, ಮೇಲಕ್ಕೆ ಬಾ!'

"ರೀ, ಒಬ್ಬರೇ ನಗಬೇಡಿ. ಕಂಡಕ್ಟರ್ ನೋಡ್ತಿದ್ದಾನೆ."

ಸೊರಬದ ಮನೆಯ ಮುಂದೆ ಶಾಮಿಯಾನ. ಪಂಚಾಕ್ಷರಪ್ಪನ ಹೆಂಡತಿ ನೀಲಾಂಬಿಕ ಓಡಿ ಬಂದು ಲೂರ್ದಮ್ಮನ ಕೈ ಹಿಡಿದು ತೊಟ್ಟಿಲ ಹತ್ತಿರ ಕರೆದುಕೊಂಡು ಹೋದಳು. "ಅವ್ರು ಒಳಗೆ ಪೂಜೇಲಿದ್ದಾರೆ, ನೀವು ಬನ್ನಿ ಅಣ್ಣಾ," ಅಂದಳು. ಅಣ್ಣ ಹೋದದ್ದು ಹಿಂದಕ್ಕೆ!

ಕೊನೆಯ ಜಾಗ ಸಾಮಾನ್ಯಕ್ಕೆ ಸಿಗುವುದಿಲ್ಲ. ಮೊದಲ ಪಂಕ್ತಿಯಲ್ಲಿ ಒಂದು ಕೊನೆ ಹುಡುಕಿ ಕೂತರೆ ಯಾರೋ ಅಜ್ಜ ಬಂದರು. "ನೀವು ಕೂತ್ಕೊಳ್ಳಿ" ಎಂದು ಎದ್ದ. ಎರಡನೆಯದರಲ್ಲಿ ಮಗು ಎತ್ತಿಕೊಂಡ ತಾಯಿ, ಅವಳಿಗೂ ಬಿಟ್ಟುಕೊಟ್ಟ. ಕಡೆಗೆ ಶಾಮಿಯಾನವೇ ಮುಗಿಯುವ ಜಾಗದಲ್ಲಿ, ಕೈ ತೊಳೆಯುವ ತೊಟ್ಟಿಯ ಪಕ್ಕ, ಒಂದು ಮುರುಕು ಸ್ಟೂಲು ಸಿಕ್ಕಿತು. ಇದಕ್ಕಿಂತ ಕೊನೆಯೇ ಇಲ್ಲ! ಚೌರಪ್ಪ ಧನ್ಯನಾಗಿ ಕೂತ. ಉಂಡವರೆಲ್ಲ ಬಂದು ಬಾಯಿ ಮುಕ್ಕಳಿಸಿದರು. ಅರ್ಧ ನೀರು ತೊಟ್ಟಿಗೆ, ಅರ್ಧ ಚೌರಪ್ಪನ ಪ್ಯಾಂಟಿಗೆ.

ಹಸಿವು, ಹೋಳಿಗೆಯ ವಾಸನೆ, ಒಳಗಿನಿಂದ ತೇಲಿ ಬರುವ ಜೋಗುಳ. ಮೇಲೆ ಶಾಮಿಯಾನದ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ನೋಡುತ್ತಾ ನೋಡುತ್ತಾ ಅದು ಮೋಡವಾಯಿತು. ಮೋಡದ ಮೇಲೆ ಉದ್ದಕ್ಕೂ ಪಂಕ್ತಿ. ಹನ್ನೆರಡು ಮಂದಿ ಶಿಷ್ಯರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಸಂತ ಪೇತ್ರ ಹೋಳಿಗೆಗೆ ಇನ್ನೂ ತುಪ್ಪ ಕೇಳುತ್ತಿದ್ದಾನೆ. ಅತ್ತ ತುದಿಯಿಂದ ಬೆಳ್ಳಗಿನ ಬಟ್ಟೆ ತೊಟ್ಟವರೊಬ್ಬರು ಮೆಲ್ಲಗೆ ನಡೆದು ಬಂದು ಹೆಗಲು ಮುಟ್ಟಿದರು.

"ಏಳಿ, ಏಳಿ! ಮುಂದಕ್ಕೆ ನಡೀರಿ!"

"ಬಂದೆ ಸ್ವಾಮೀ!" ಎಂದು ಚೌರಪ್ಪ ಎದ್ದು ನಿಂತ.

ಹೆಗಲು ಮುಟ್ಟಿದವನು ಅಡಿಗೆಯವರ ಮುಖಂಡ ಉಜ್ಜಪ್ಪ. "ಬಡಿಸೋಕೆ ಕರ್ಕೊಂಡು ಬಂದ್ರೆ ಇಲ್ಲಿ ನಿದ್ದೆ ಹೊಡೀತೀರಲ್ರೀ! ಕೊನೇ ಪಂಕ್ತಿ, ಮನೆಯವರೇ ಕೂತಿದ್ದಾರೆ. ಪಾಯಸ ಹಿಡೀರಿ!" ಎಂದು ಬಕೆಟ್ಟು ಕೈಗಿಟ್ಟ.

ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಅರ್ಧ ಕಣ್ಣಲ್ಲಿ ಇನ್ನೂ ಸ್ವರ್ಗವಿದ್ದ ಚೌರಪ್ಪ ಮಾತ್ರ, ಸೇವೆಯೂ ಒದಗಿ ಬಂತಲ್ಲ ಎಂದು ತೇಲುತ್ತಾ ಹೊರಟ. ಒಂದು ಎಲೆ, ಎರಡು ಎಲೆ. ಮೂರನೆಯ ಎಲೆ ಖಾಲಿ, ಮುಂದೆ ಯಾರೂ ಇರಲಿಲ್ಲ. ಯಾರಿರಬಹುದು ಇಲ್ಲಿ ಎಂದು ಯೋಚಿಸುತ್ತಾ ಚೌರಪ್ಪ ಸೌಟನ್ನು ವಾಲಿಸಿದ. ಬಿಸಿ ಶಾವಿಗೆ ಪಾಯಸ ಪಕ್ಕದವನ ಹೊಸ ರೇಷ್ಮೆ ಪಂಚೆಯ ಮೇಲೆ ಸುರಿಯಿತು.

"ಅಯ್ಯಪ್ಪಾ!" ಎಂದು ಹಾರಿ ನಿಂತವನು ಪಂಚಾಕ್ಷರಪ್ಪ.

ಇಬ್ಬರೂ ಮುಖಮುಖ ನೋಡಿಕೊಂಡರು.

"ಚೌರಾ! ಬಂದಿದ್ದೀಯೇನೋ!" ಮುಖ ಅರಳಿತು. ಆಮೇಲೆ ಬಕೆಟ್ಟು ಕಣ್ಣಿಗೆ ಬಿತ್ತು. "ಎಲ್ಲಿದ್ಯೋ ಇಷ್ಟೊತ್ತು?"

"ಅಲ್ಲೇ... ತೊಟ್ಟಿ ಹತ್ರ."

ಪಂಚಾಕ್ಷರಪ್ಪನ ದನಿ ಕುಗ್ಗಿತು. "ಗೇಟಿಗೂ ಒಳಗೂ ತಿರುಗಿ ತಿರುಗಿ ಕಾಲು ಬಿದ್ದೋಯ್ತು ಮಾರಾಯ. ಈ ಎಲೆ ನಿಂದು. ಯಾರನ್ನೂ ಕೂರಿಸ್ಲಿಲ್ಲ. ನೀನು ಹೋಗಿ ಬಾಯಿ ಮುಕ್ಕಳಿಸೋ ಜಾಗದಲ್ಲಿ ಕೂತ್ರೆ ಊರೋರು ಎಂತ ಅಂತಾರೆ? ಪಂಚಾಕ್ಷರಪ್ಪ ಕಿರಿಸ್ತಾನರ ಗೆಳೆಯನ್ನ ಕರೆದು ಹೊರಗೆ ಕೂರಿಸ್ದ, ಬಕೆಟ್ ಹೊರಿಸ್ದ ಅನ್ನಲ್ವೇನೋ? ಅವ್ವನ ಮಣ್ಣಿಗೆ ನೀನು ಬರಲಿಲ್ಲ ಅನ್ನೋ ಸಿಟ್ಟು ಹೀಗೆ ತೀರಿಸ್ಕೊಂಡೆ ಅಂದ್ಕೊಳ್ಳಲ್ವೇನೋ?"

ತಾನು ಕೂತ ಜಾಗ ಗೆಳೆಯನ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಚೌರಪ್ಪ ಕನಸಿನಲ್ಲೂ ಯೋಚಿಸಿರಲಿಲ್ಲ. ಬಕೆಟ್ಟು ಕೆಳಗಿಟ್ಟ. ಬೆಳಗಿನ ವಾಚನ ಹೇಳಿದ.

"ಸುಳ್ಳು ಹೇಳಲ್ಲ ಕಣೋ. ತಗ್ಗಿ ಕೂರಬೇಕು ಅಂತ ಕೂತಿದ್ದು ಹೌದು. ಆದ್ರೆ ನೀನು ಬಂದು ಎಲ್ಲರೆದುರು ಕರೀತೀಯ ಅಂತ ಒಳಗೊಳಗೇ ಕಾಯ್ತಾ ಇದ್ದೆ."

ಗದ್ದಲಕ್ಕೆ ಓಡಿ ಬಂದಿದ್ದ ಲೂರ್ದಮ್ಮ ಸೊಂಟಕ್ಕೆ ಕೈ ಇಟ್ಟಳು. "ಅದಕ್ಕೆ ತಗ್ಗೋದು ಅನ್ನಲ್ಲ ರೀ. ಹೊಂಚು ಹಾಕೋದು ಅಂತಾರೆ!"

ಪಂಕ್ತಿಯೆಲ್ಲ ಗೊಳ್ಳೆಂದಿತು. ಪಂಚಾಕ್ಷರಪ್ಪ ನಗಲಿಲ್ಲ. ಬಗ್ಗಿ ತನ್ನ ಎಲೆಯನ್ನು ಬಡಿಸಿದ್ದೆಲ್ಲ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡ.

"ನಡಿ."

"ಎಲ್ಲಿಗೋ?"

"ತೊಟ್ಟಿ ಹತ್ರ. ನಿನ್ನ ದೇವರು ಅಲ್ಲಿ ಕೂತ್ಕೋ ಅಂದ್ರೆ ಒಬ್ಬನೇ ಕೂತ್ಕೋ ಅಂದಿಲ್ಲವಲ್ಲ."

ಚೌರಪ್ಪ ತನ್ನ ಖಾಲಿ ಎಲೆ ಎತ್ತಿಕೊಂಡು ಹಿಂದೆ ನಡೆದ. ಮನೆಯ ಯಜಮಾನನೇ ಎದ್ದು ಹೋದಮೇಲೆ ನೆಂಟರು ಕೂತಿರುತ್ತಾರೆಯೇ? ಮಗ ಚನ್ನೇಶ್ ಎದ್ದ, ಬೀಗರು ಎದ್ದರು, ಪಂಕ್ತಿಗೆ ಪಂಕ್ತಿಯೇ ಎಲೆ ಹೊತ್ತು ತೊಟ್ಟಿಯ ಕಡೆ ಮೆರವಣಿಗೆ ಹೊರಟಿತು! ಪಂಕ್ತಿಯ ತಲೆ ಯಾವುದು, ಬಾಲ ಯಾವುದು ತಿಳಿಯದೆ ಉಜ್ಜಪ್ಪ ಸಾರಿನ ಬಕೆಟ್ಟು ಹಿಡಿದು ಗಿರಗಿರ ತಿರುಗಿದ. ಹೋಳಿಗೆ ಮುಗಿದುಹೋಗಿತ್ತು. ಪಂಚಾಕ್ಷರಪ್ಪ ತನ್ನ ಎಲೆಯಲ್ಲಿ ಇನ್ನೂ ಮುಟ್ಟದೆ ಇದ್ದ ಹೋಳಿಗೆ ಮುರಿದು, ದೊಡ್ಡ ತುಂಡನ್ನು ಚೌರಪ್ಪನ ಎಲೆಗೆ ಇಟ್ಟ.

"ಅವ್ವ ಇದ್ದಿದ್ರೆ ಹೊಡೀತಿದ್ಲು ನಿಂಗೆ," ಅಂದ.

"ಇಬ್ರಿಗೂ," ಅಂದ ಚೌರಪ್ಪ.

ಮುಂದಿನ ಭಾನುವಾರ ಚೌರಪ್ಪ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ, ಕಿವಿ ನೆಟ್ಟಗೆ ಮಾಡಿಕೊಂಡು ಕೂತ. ಫಾದರ್ ಗಂಟಲು ಸರಿಪಡಿಸಿಕೊಂಡು ಶುಭಸಂದೇಶ ಓದಿದರು: ತಂದೆ ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ದ್ವೇಷಿಸದವನು ನನ್ನ ಶಿಷ್ಯನಾಗಲಾರ.

ಹೆಂಗಸರ ಸಾಲಿನಲ್ಲಿ ಒಂದು ಸೆರಗು ನಿಧಾನವಾಗಿ ಹಿಂದಕ್ಕೆ ತಿರುಗಿತು. ಅಲ್ಲಿಂದ ಬಂದ ನೋಟಕ್ಕೆ ಮೇಣದಬತ್ತಿಯೂ ನಡುಗುವಂತಿತ್ತು.

ಪೂಜೆ ಮುಗಿದು ಹೊರಗೆ ಬಂದಾಗ ಲೂರ್ದಮ್ಮ ಮೆಟ್ಟಿಲ ಮೇಲೆ ಕಾದಿದ್ದಳು.

"ಹೇಳಿ ರೀ. ಈ ವಾರದ ವಾಕ್ಯ ಹೇಗೆ ಪಾಲಿಸ್ತೀರಿ?"

ಚೌರಪ್ಪ ಆಕಾಶ ನೋಡಿದ. ನೆಲ ನೋಡಿದ. ಆಮೇಲೆ ಅತ್ಯಂತ ವಿನಯದಿಂದ ಕಿವಿಯೊಳಗೆ ಬೆರಳಿಟ್ಟು ಅಲ್ಲಾಡಿಸಿದ.

"ಇವತ್ತು ಮೈಕ್ ಸರಿಯಿರ್ಲಿಲ್ಲ ಕಣೇ. ಒಂದು ಅಕ್ಷರ ಕೇಳಿಸ್ಲಿಲ್ಲ!"