ಗೋಧಿಯ ಮೇಲೆ ನನ್ನ ದಂಡಯಾತ್ರೆ

ಚೌಕಾಸಿಗೆ ಇಳಿಯದ ದರ ಈ ಭೂಮಿಯ ಮೇಲೆ ಇಲ್ಲ ಎಂದು ನಂಬಿ ಬದುಕಿದವಳು ನಾನು. ಬಸವಕಲ್ಯಾಣದಿಂದ ಹೈದರಾಬಾದಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಒರಳು, ಒಂದು ನಾಲಿಗೆ. ಇವತ್ತು ಮೈಸೂರು, ಮಂಗಳೂರು ಕಡೆಯ ಹುಡುಗ ಹುಡುಗಿಯರು ಆಫೀಸು ಮುಗಿಸಿ ಬಂದು ನನ್ನ ಶೇಂಗಾ ಚಟ್ನಿಪುಡಿಗೆ ಸಾಲು ನಿಲ್ಲುತ್ತಾರೆಂದರೆ ಅದರಲ್ಲಿ ಒರಳಿನ ಪಾಲು ಕಡಿಮೆ. ಹಾಗಾಗಿ ಏಳು ವರ್ಷದ ನನ್ನ ಮಗಳು ರೇಣುಗೆ ಕರುಳಿನ ರೋಗವಿದೆ, ಗೋಧಿ, ಮೈದಾ, ರವೆ, ಬಾರ್ಲಿ ಜನ್ಮಪೂರ್ತಿ ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ವ್ಯಾಪಾರಕ್ಕೆ ಕೂತೆ.

"ವಾರಕ್ಕೊಂದು ಚಪಾತಿ?" ಎಂದೆ. ಇಲ್ಲ ಎಂದರು. "ಹಬ್ಬಕ್ಕೊಂದು ಹೋಳಿಗೆ?" ಇಲ್ಲ. "ಹೋಗ್ಲಿ ಬಿಡ್ರಿ, ಬಿಸ್ಕತ್ತಿನ ಒಂದು ಮೂಲೆ?" ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕರುಳಿನ ಒಳಗೋಡೆ ಸವೆದುಹೋಗಿದೆ, ಅದಕ್ಕೇ ಉಂಡದ್ದು ಮೈಗೆ ಹತ್ತುತ್ತಿಲ್ಲ, ಒಂದು ಚೂರು ಒಳಗೆ ಹೋದರೂ ಮತ್ತೆ ಗಾಯ ಎಂದು ಬಿಡಿಸಿ ಹೇಳಿದರು. ಆರು ತಿಂಗಳಿಗೆ ರಕ್ತಪರೀಕ್ಷೆ. ಸುಧಾರಿಸದಿದ್ದರೆ ಬಾಯಿಂದ ಮತ್ತೊಮ್ಮೆ ನಳಿಗೆ ಇಳಿಸಿ ನೋಡಬೇಕು. ಮೊದಲ ಸಲ ನಳಿಗೆ ಇಳಿಸುವ ಕೋಣೆಗೆ ಒಯ್ಯುವಾಗ ರೇಣು ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿದಿದ್ದಳು. ನನಗೆ ನೋವು ಬೆರಳಿನಲ್ಲಿ ಆಗಲಿಲ್ಲ. ಚೌಕಾಸಿ ನಿಲ್ಲಿಸಿ ಮನೆಗೆ ಬಂದೆ.

ಅಂದಿನಿಂದ ನನಗೆ ಹತ್ತಿದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಇಂಥ ಮಗುವಿರುವ ತಾಯಂದಿರಿಗೆ ನನ್ನ ಉಚಿತ ಸಲಹೆ: ರೋಗಕ್ಕೆ ಹೆದರಬೇಡಿ, ಪ್ರೀತಿ ಮಾಡುವವರಿಗೆ ಹೆದರಿ. ಎದುರುಮನೆಯಾಕೆ, "ಒಂದು ಬಿಸ್ಕತ್ತಿಗೆ ಏನಾಗ್ತದ್ರಿ, ಕೂಸಿನ ಬಾಯಿ ಕಟ್ಟಬ್ಯಾಡ್ರಿ" ಎಂದಳು. "ಕೂಸಿನ ಬಾಯಿ ಇರ್ಲಿ, ಮೊದಲ ನಿಮ್ಮದು ಕಟ್ರಿ" ಎಂದೆ. ಗುಡಿಯಲ್ಲಿ ರವೆ ಸಜ್ಜಿಗೆಯ ಪ್ರಸಾದ ಕೊಡಲು ಬಂದ ಪೂಜಾರಿಯನ್ನೂ ಬಿಡಲಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದವರು ನಾವು, ನಮಗೇನು ಚಿಂತೆ ಎಂದುಕೊಂಡಿದ್ದೆ. ನೋಡಿದರೆ ಗಿರಣಿಯವನು ಗೋಧಿ ಬೀಸಿದ ಕಲ್ಲಿಗೇ ಅದರ ಬೆನ್ನಲ್ಲೇ ನನ್ನ ಜೋಳ ಸುರಿಯುತ್ತಿದ್ದಾನೆ! ಕೇಳಿದರೆ, "ಪಿಂಡಿ ಪಿಂಡೇ ಕದಮ್ಮಾ," ಹಿಟ್ಟು ಹಿಟ್ಟೇ ತಾನೇ, ಎಂದು ಹಲ್ಲು ಕಿರಿದ. ಅಂದು ನಾನು ಕಲಿತ ತೆಲುಗನ್ನೆಲ್ಲ ಖರ್ಚು ಮಾಡಿ, ಸಾಲದ್ದಕ್ಕೆ ಊರಿನ ಮಾತನ್ನೂ ಸೇರಿಸಿ ಬೈದು, ಮನೆಗೆ ಬೀಸುಕಲ್ಲು ತಂದೆ. ರಟ್ಟೆ ಬಿದ್ದುಹೋದರೂ ಹಿಟ್ಟು ಶುದ್ಧವಾಯಿತು.

ಇಷ್ಟೆಲ್ಲ ಮಾಡಿದರೂ ಮಗುವಿನ ಹೊಟ್ಟೆನೋವು ನಿಲ್ಲಲಿಲ್ಲ, ತೂಕ ಏರಲಿಲ್ಲ. ಆರನೆಯ ತಿಂಗಳ ಪರೀಕ್ಷೆಯಲ್ಲಿ ರಕ್ತವೂ ಅದನ್ನೇ ಹೇಳಿತು. "ಎಲ್ಲಿಂದಲೋ ಒಳಗೆ ಹೋಗುತ್ತಿದೆ, ಹುಡುಕಿ. ಇನ್ನು ಮೂರು ತಿಂಗಳು ನೋಡೋಣ, ಆಮೇಲೆ ನಳಿಗೆಯೇ ಗತಿ" ಎಂದರು ಡಾಕ್ಟರು.

ಹುಡುಕುವುದೇನು ಬಂತು? ಹಗಲಿಡೀ ಮಗುವಿನ ಜೊತೆ ಇರುವವರು ನನ್ನ ಅತ್ತೆ. ಮೊಮ್ಮಗಳು ಸೊರಗಿದಳೆಂದು ದಿನಕ್ಕೆ ಹತ್ತು ಸಲ ಕಣ್ಣೊರೆಸಿಕೊಳ್ಳುವವರು. ನಾನು ಅವರ ಸೆರಗಿನ ಗಂಟು ಬಿಚ್ಚಿ ನೋಡಿದೆ, ದಿಂಬಿನ ಕೆಳಗೆ ಕೈಯಾಡಿಸಿದೆ. ಏನೂ ಸಿಗದಿದ್ದಾಗ ಸಿಟ್ಟು ಇನ್ನೂ ಏರಿತು.

"ಖರೇ ಹೇಳ್ರಿ ಅತ್ತೀ, ರೇಣೂಗ ಏನ್ ತಿನ್ನಿಸಾಕತ್ತೀರಿ?"

"ಏನೂ ಇಲ್ಲವಾ."

"ಬಾಯಿ ತೆಗೀರಿ, ನೋಡ್ತೀನಿ."

"ನನ್ನ ಬಾಯಾಗ ಏನ್ ನೋಡ್ತಿ? ಹಲ್ಲ ಇಲ್ಲ!" ಎಂದವರು ಥಟ್ಟನೆ ಎದ್ದು ನಿಂತರು. "ನನ್ನ ಮಮ್ಮಗಳಿಗೆ ನಾ ವಿಷಾ ಹಾಕ್ತೀನೇನ? ಈ ವಯಸ್ಸಿನ್ಯಾಗ ಕಳ್ಳಿ ಅನಿಸ್ಕೊಳ್ಳಾಕ ಹೈದರಾಬಾದ್ ತನಕಾ ಬರಬೇಕಿತ್ತೇನ ನಾ?" ಮರುದಿನ ಬಸವಕಲ್ಯಾಣದ ಬಸ್ಸು ಹತ್ತಿದರು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ನನ್ನ ಗಂಡ ತಾಯಿಯ ಚೀಲ ಹೊತ್ತುಕೊಂಡು ಹೋದರು. ನನ್ನ ಮುಖ ನೋಡಲಿಲ್ಲ.

ಅತ್ತೆ ಹೋದರು, ಹೊಟ್ಟೆನೋವು ಹೋಗಲಿಲ್ಲ. ಬೈಯಲು ಹೊಸಬರು ಯಾರೂ ಉಳಿಯದ ಆ ವಾರದಲ್ಲಿ ಚಟ್ನಿಪುಡಿಗೆ ಇಂಗು ತರಲೆಂದು ಬೇಗಂ ಬಜಾರಿಗೆ ಹೋದೆ. ನನ್ನ ಖಾಯಂ ಸೇಠ್ ದರ ಹೇಳಿದ. ನಾನು ವರ್ಷಾನುಗಟ್ಟಲೆ ಪ್ರಯೋಗಿಸುತ್ತ ಬಂದ ಬಾಣವನ್ನೇ ಬಿಟ್ಟೆ: "ಕ್ಯಾ ಸೇಠ್, ಇತ್ತಾ ದಾಮ್? ಆಧಾ ತೋ ಮೈದಾ ಹೈ ಇಸ್ಮೆ!" ಅವನೂ ಎಂದಿನಂತೆ, ಮೈದಾ ಸೇರಿಸದೆ ಇಂಗು ಗಟ್ಟಿಯಾಗುವುದುಂಟೇ ಬೆಹನ್, ಎಂದು ನಕ್ಕ.

ನಾನು ನಗಲಿಲ್ಲ. ಅರ್ಧ ಮೈದಾ. ನನ್ನ ಬಾಯಿಂದಲೇ ಬಂದ ಮಾತು. ದರ ಇಳಿಸುವುದಕ್ಕೆ ನಾಲಿಗೆ ತುದಿಯಲ್ಲಿದ್ದದ್ದು ಅಡಿಗೆಮನೆಗೆ ಬಂದ ಕೂಡಲೇ ಮರೆತುಹೋಗುತ್ತಿತ್ತು. ರೇಣು ಹೊಟ್ಟೆ ಹಿಡಿದುಕೊಂಡಾಗಲೆಲ್ಲ ಮಜ್ಜಿಗೆಗೆ ಎರಡು ಚಿಟಿಕೆ ಇಂಗು ಕದಡಿ ಕುಡಿಸುತ್ತಿದ್ದವಳು ನಾನು. ನೋವು ಹೆಚ್ಚಾದರೆ ಮೂರು ಚಿಟಿಕೆ. ಒಳ್ಳೆಯ ಮಾಲು ಬೇರೆ, ಆರಿಸಿ ತಂದದ್ದು.

ಮಾತಾಡದೆ ಅಂಗಡಿಯ ಮೆಟ್ಟಿಲಿಳಿದೆ. ಇದೂ ನನ್ನ ಒಂದು ಪಟ್ಟು ಎಂದು ತಿಳಿದ ಸೇಠ್ ಹಿಂದೆಯೇ ಬಂದು ದರ ಇಳಿಸಿದ. ನಾನು ನಡೆದೆ. ಮತ್ತೆ ಇಳಿಸಿದ. ಗಲ್ಲಿಯ ತಿರುವಿನವರೆಗೂ ಕೂಗುತ್ತಾ ಬಂದ. ಅಷ್ಟು ಅಗ್ಗಕ್ಕೆ ನನಗೆ ಇಂಗು ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾನೋ ತುಂಬಿದ ಬಜಾರಿನಲ್ಲಿ ಮೂಗೊರೆಸಿಕೊಳ್ಳುತ್ತಾ ಹೋಗುತ್ತಿದ್ದೆ.

ಮನೆಗೆ ಬಂದು ಅತ್ತೆಗೆ ಫೋನ್ ಮಾಡಿ, "ತಪ್ಪಾತ್ರಿ" ಎಂದೆ.

"ಏನ್ ತಪ್ಪಾತು? ಪೂರಾ ಹೇಳು."

ಪೂರಾ ಹೇಳಿದೆ. "ನಾಳಿನ ಬಸ್ಸಿಗೆ ಕಿಡಕಿ ಬಾಜೂ ಸೀಟ್ ಮಾಡಸು" ಎಂದು ಅತ್ತೆ ಫೋನಿಟ್ಟರು.

ಮೂರು ತಿಂಗಳ ನಂತರ ನಾನು, ರೇಣು, ಅತ್ತೆ ಮೂವರೂ ಡಾಕ್ಟರ ಮುಂದೆ ಕೂತಿದ್ದೆವು. ರೇಣುವಿನ ಕೆನ್ನೆ ತುಂಬಿತ್ತು, ರಕ್ತಪರೀಕ್ಷೆ ಸುಧಾರಿಸಿತ್ತು. "ನಳಿಗೆ ಬೇಡ" ಎಂದರು ಡಾಕ್ಟರು. ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಅಷ್ಟರಲ್ಲಿ ಅವರು, "ಅಂತೂ ಸಿಕ್ಕರೇ? ಯಾರು ಕೊಡುತ್ತಿದ್ದದ್ದು?" ಎಂದು ಕೇಳಿದರು. ಊರನ್ನೆಲ್ಲ ಬೈದ ನನ್ನ ನಾಲಿಗೆ ಆಗ ಸಣ್ಣಗಾಯಿತು. "ಮನೆಯವರೇ ಒಬ್ಬರು ಸಾರ್, ಪ್ರೀತಿಯಿಂದ... ಈಗ ಬಿಡಿಸಿದ್ದೇವೆ" ಎಂದು ತೆಲುಗಿನಲ್ಲಿ ಹೇಳಿದೆ. ಡಾಕ್ಟರು ಸೀದಾ ಅತ್ತೆಯ ಕಡೆ ತಿರುಗಿ, ಹಿರಿಯರೇ ಹೀಗೆ ಮಾಡಿದರೆ ಹೇಗೆ ಎಂದು ಅದೇ ತೆಲುಗಿನಲ್ಲಿ ಬುದ್ಧಿ ಹೇಳತೊಡಗಿದರು. ತೆಲುಗು ಬಾರದ ಅತ್ತೆ ಮೊಮ್ಮಗಳ ಗುಣಗಾನವೆಂದು ತಿಳಿದು ಕೈಮುಗಿದು ತಲೆಯಾಡಿಸುತ್ತಿದ್ದರು. ನಾನು ಗೋಡೆಯ ಮೇಲಿನ ಕರುಳಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ನಾನಮ್ಮ ಕಾದು ಸಾರ್, ಅಮ್ಮೇ!" ಅಜ್ಜಿಯಲ್ಲ, ಅಮ್ಮನೇ, ಎಂದಳು ಶಾಲೆಯಲ್ಲಿ ತೆಲುಗು ಕಲಿತ ನನ್ನ ಮಗಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ, ಉಪದೇಶವನ್ನು ಮೊದಲಿನಿಂದ ಶುರುಮಾಡಿದರು. ಅರ್ಥವಾಯಿತು ಸಾರ್, ಸಾಕು ಸಾರ್ ಎಂದು ನಾನು ನಾಲ್ಕು ಸಲ ಕೇಳಿಕೊಂಡೆ. ಪುಣ್ಯಾತ್ಮ ಒಂದೇ ಒಂದು ಮಾತು ಇಳಿಸಲಿಲ್ಲ.