ಕತ್ತರಿಯೊಂದೇ ಮಾತಾಡಿದ ದಿನ

"ಇವತ್ತಿನಿಂದ ನನ್ನ ಅಂಗಡೀಲಿ ಕತ್ತರಿ ಮಾತ್ರ ಮಾತಾಡತ್ತೆ!" ಎಂದು ಕಟಿಂಗ್ ಅಂಗಡಿಯ ಯಜಮಾನ ಕನ್ನಡಿಯೆದುರು ಘೋರ ಪ್ರತಿಜ್ಞೆ ಮಾಡಿದ. ಮಾಡದೆ ಗತಿಯಿರಲಿಲ್ಲ. ಭಾವಮೈದನ ಸಂಸಾರದ ಜಗಳ ಇವನ ಬಾಯಿಂದ ಜಾರಿ, ಬೀದಿಯೆಲ್ಲ ಸುತ್ತಿ, ಮನೆಗೇ ವಾಪಸು ಬಂದಿತ್ತು. ಅಂದಿನಿಂದ ಹೆಂಡತಿ ಮಾತು ಬಿಟ್ಟಿದ್ದಳು.

"ಒಬ್ಬರಿಗೆ ಮಾತ್ರ ಹೇಳಿದ್ದು ಕಣೇ!" ಎಂದು ಅಂಗಲಾಚಿದರೆ, ತಟ್ಟೆ ಕುಕ್ಕಿದ ಸದ್ದೇ ಉತ್ತರ. ಬೈದಿದ್ದರೂ ಸಾಕಿತ್ತು! ಮನೆ ಭಣಗುಡುತ್ತಿತ್ತು, ಜೀವ ಬೇಸತ್ತುಹೋಗಿತ್ತು.

ಅಂಗಡಿಗೆ ಮೊದಲು ಬಂದವರು ಮೇಷ್ಟ್ರು. "ಏನಪ್ಪಾ ಸಮಾಚಾರ?"

ಕಚಕಚ.

"ಏನೂ ಇಲ್ವಾ?"

ಕಚಕಚ.

ಕನ್ನಡಿಯೊಳಗೆ ಮೇಷ್ಟ್ರ ಮುಖ ಬಿಳಿಚಿತು. ಎಲ್ಲರ ಸುದ್ದಿ ಬಲ್ಲವನು ಬಾಯಿ ಮುಚ್ಚಿದ್ದಾನೆಂದರೆ ಸುದ್ದಿ ತನ್ನದೇ ಇರಬೇಕು! "ಗೊತ್ತಾಗಿಹೋಯ್ತಾ? ಡ್ರೈವಿಂಗ್ ಟೆಸ್ಟು ಮತ್ತೆ ಫೇಲಾದೆ ಕಣಯ್ಯಾ. ಮನೇಲಿ ಪಾಸು ಅಂದಿದೀನಿ!"

ಆಮೇಲೆ ಪಕ್ಕದ ಮನೆಯಾತ. ಅವನಂತೂ ನೊರೆ ಹಚ್ಚುವ ಮೊದಲೇ ಕೈಮುಗಿದ. "ಹೋದ ಸಲ ಬೇರೆ ಅಂಗಡಿಗೆ ಹೋಗಿದ್ದೆ, ತಪ್ಪಾಯ್ತು!"

ಕೇಳದೆಯೇ ಬಂದ ಗುಟ್ಟುಗಳಿಂದ ಯಜಮಾನನ ಹೊಟ್ಟೆ ಉಬ್ಬಿಹೋಯಿತು. ಸಂಜೆಗೆ ಇನ್ನೊಂದು ಕಾಟ. ಬಂದವರೆಲ್ಲ ಹೆಗಲು ತಟ್ಟುವವರೇ! "ಗಂಟಲಿಗೆ ಆಪರೇಷನ್ನಂತೆ? ಧೈರ್ಯವಾಗಿರಿ" ಎಂದು ಬೇಕರಿಯವನು ಕಣ್ಣೊರೆಸಿಕೊಂಡ.

ಸೋತು ಸುಣ್ಣವಾಗಿ ಮನೆಗೆ ಬಂದವನೇ ಗುಡುಗಿದ. "ನಂಗೆ ಗಂಟಲುಬೇನೆ ಅಂತ ಯಾರೇ ಹಬ್ಬಿಸಿದ್ದು?"

ಹೆಂಡತಿ ತಲೆ ತಗ್ಗಿಸಿದಳು. "ಪಕ್ಕದ ಮನೆಯಾಕೆ, 'ನಿಮ್ಮನೆಯವರು ಯಾಕೆ ಮಾತೇ ಆಡ್ತಿಲ್ಲ' ಅಂತ ಕೇಳಿದ್ಲು. ನಮ್ಮ ಜಗಳ ಹೇಳೋಕಾಗತ್ತಾ? ಗಂಟಲು ನೋವು ಅಂದೆ. ಅವಳೊಬ್ಬಳಿಗೇ ಹೇಳಿದ್ದು ಕಣ್ರೀ!"

"ಒಬ್ಬಳಿಗೇ!"

ಅವಳು ನಾಲಿಗೆ ಕಚ್ಚಿಕೊಂಡಳು. ನಗು ತಡೆಯಲಾಗಲಿಲ್ಲ, ಇವನಿಗೂ. "ನಂಗೂ ಸಾಕಾಗಿದೆ ರೀ. ಮಾತಿಲ್ದೆ ತಲೆ ಕೆಟ್ಟುಹೋಗಿದೆ" ಎನ್ನುತ್ತಾ ಪಕ್ಕದಲ್ಲಿ ಕೂತಳು. "ಅದಿರ್ಲಿ, ಮೇಷ್ಟ್ರು ಯಾಕೆ ಮುಖ ಸಪ್ಪಗೆ ಮಾಡ್ಕೊಂಡು ಹೋದ್ರು?"

ಯಜಮಾನ ಎದೆಯುಬ್ಬಿಸಿದ. "ಛೇ! ನಾನು ಪ್ರತಿಜ್ಞೆ ಮಾಡಿದೀನಿ."

"ಹಾಗಾದ್ರೆ ಬಿಡಿ." ಅವಳು ತುಟಿ ಬಿಗಿದು ಎದ್ದಳು. ಒಳಗೆ ತಟ್ಟೆ ಕುಕ್ಕಿದ ಸದ್ದು ಕೇಳಿಸಿತು.

"ಬಾರೇ ತಾಯಿ, ಕೂತ್ಕೋ!" ಯಜಮಾನ ಗಾಬರಿಯಿಂದ ಕೂಗಿದ. "ನಿಂಗೊಬ್ಬಳಿಗೇ ಹೇಳೋದು..."